ಹೆಲ್ಮೆಟ್ಟಿನ ಬೆಲೆ ಎಲ್ಲಿಯವರೆಗೆ ತಲೆ ಕಾಯುತ್ತದೆ?

ಬೆಳಗಾವಿಯಲ್ಲಿ ಹೆಲ್ಮೆಟ್ ಮೂರು ದರದಲ್ಲಿ ಸಿಗುತ್ತದೆ. ಹೆದ್ದಾರಿಯ ಬದಿಯಲ್ಲಿ ತಾಡಪತ್ರಿ ಹಾಸಿ ಗುಡ್ಡೆ ಹಾಕಿದವುಗಳಿಗೆ ಇನ್ನೂರು, ಮುನ್ನೂರು ರೂಪಾಯಿ. ಅಂಗಡಿಯವರು ಪೆಟ್ಟಿಗೆಯಿಂದ ತೆಗೆದು ತೋರಿಸುವ ಐಎಸ್‌ಐ ಗುರುತಿನವು ಸಾವಿರದ ಆಸುಪಾಸಿನಲ್ಲಿ ಶುರುವಾಗಿ ನಾಲ್ಕೈದು ಸಾವಿರದವರೆಗೆ ಹೋಗುತ್ತವೆ. ಇನ್ನು ಭಾನುವಾರ ಬೆಳಿಗ್ಗೆ ಚೋರ್ಲಾ ಘಾಟಿನ ಕಡೆಗೋ ಅಂಬೋಲಿಯ ಕಡೆಗೋ ಹೊರಡುವ ದೊಡ್ಡ ಬೈಕುಗಳ ಸವಾರರ ತಲೆಯ ಮೇಲೆ ಮೂವತ್ತು, ಐವತ್ತು ಸಾವಿರದ ಜಪಾನಿ, ಇಟಾಲಿಯನ್ ಹೆಲ್ಮೆಟ್‌ಗಳಿರುತ್ತವೆ. ಕೊಳ್ಳಲು ಬಂದವರಿಗೆ ಸಹಜವಾಗಿಯೇ ಒಂದು ಅನುಮಾನ: ದುಬಾರಿಯದು ಹೆಚ್ಚು ಕಾಪಾಡುತ್ತದೆಯೇ? ಹಾಗಾದರೆ ಸಾವಿರ ರೂಪಾಯಿಯಷ್ಟೇ ಕೊಡಬಲ್ಲವನ ತಲೆಗೆ ಭದ್ರತೆ ಕಡಿಮೆಯೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಓದುಗರನ್ನು ಕಾಯಿಸುವುದು ಸರಿಯಲ್ಲ. ಮೊದಲ ದರಕ್ಕೂ ಎರಡನೆಯ ದರಕ್ಕೂ ನಡುವಿನ ಅಂತರ ಬದುಕು, ಸಾವಿನ ಅಂತರ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಬಹುಪಾಲು ಸೌಖ್ಯದ್ದು. ಅಲ್ಲಿ ಬೆಲೆ ಹತ್ತು ಪಟ್ಟಾದರೆ ರಕ್ಷಣೆಯೂ ಹತ್ತು ಪಟ್ಟಾಗುವುದಿಲ್ಲ. ಕೆಲವೊಮ್ಮೆ ಒಂದಿಷ್ಟೂ ಹೆಚ್ಚುವುದಿಲ್ಲ. ಹೀಗೇಕೆ ಎಂಬುದು ತಿಳಿಯಬೇಕಾದರೆ ಬಿದ್ದ ಆ ಕ್ಷಣದಲ್ಲಿ ಹೆಲ್ಮೆಟ್ಟಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಬೈಕಿನ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ನೆಲಕ್ಕೆ ಬಿದ್ದ ತಲೆ ಡಾಂಬರು ಮುಟ್ಟುವಾಗ ಗಂಟೆಗೆ 20 ಕಿಲೋಮೀಟರ್ ವೇಗ ಪಡೆದಿರುತ್ತದೆ. ಬೈಕು ನಿಂತಿದ್ದರೂ ಇದು ಹೀಗೆಯೇ. ಆ ವೇಗವನ್ನು ಸೊನ್ನೆಗೆ ಇಳಿಸಲು ತಲೆಗೆ ಎಷ್ಟು ಜಾಗ ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬರಿ ತಲೆ ಗಟ್ಟಿ ನೆಲಕ್ಕೆ ಬಡಿದರೆ ಎರಡೂವರೆ ಮಿಲಿಮೀಟರ್ ಸಿಕ್ಕರೆ ದೊಡ್ಡದು. ಆಗ ಮಿದುಳಿನ ಮೇಲೆ ಬೀಳುವ ಹೊಡೆತ ಗುರುತ್ವದ 640 ಪಟ್ಟಿನಷ್ಟು. ಅದೇ ತಲೆಗೆ ನಿಲ್ಲಲು ಎರಡೂವರೆ ಸೆಂಟಿಮೀಟರ್ ಸಿಕ್ಕರೆ ಹೊಡೆತ ಸರಾಸರಿ 64 ಪಟ್ಟಿಗೆ ಇಳಿಯುತ್ತದೆ. ನಿಲ್ಲುವ ದೂರ ಹತ್ತು ಪಟ್ಟಾದರೆ ಹೊಡೆತ ಹತ್ತರಲ್ಲೊಂದು ಪಾಲು. ಈ ಎರಡೂವರೆ ಸೆಂಟಿಮೀಟರನ್ನು ಒದಗಿಸಿಕೊಡುವುದೇ ಹೆಲ್ಮೆಟ್ಟಿನ ಕೆಲಸ.

ಅದನ್ನು ಒದಗಿಸುವುದು ಹೊರಗೆ ಹೊಳೆಯುವ ಕವಚವಲ್ಲ, ಅದರ ಕೆಳಗಿರುವ ಥರ್ಮಾಕೋಲಿನ ಪದರ. ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ಜಾತಿಯದೇ ಆದರೂ ಇದರ ಸಾಂದ್ರತೆಯನ್ನು ಲೆಕ್ಕ ಹಾಕಿ ನಿಗದಿ ಮಾಡಿರುತ್ತಾರೆ. ಪೆಟ್ಟು ಬಿದ್ದಾಗ ಅದರೊಳಗಿನ ಗಾಳಿಗೂಡುಗಳು ಒಂದೊಂದಾಗಿ ಕುಸಿಯುತ್ತ ತಲೆಯ ವೇಗವನ್ನು ನುಂಗುತ್ತವೆ. ತೀರ ಮೆತ್ತಗಿದ್ದರೆ ಪೂರ್ತಿ ಕುಸಿದು ತಲೆ ಕವಚಕ್ಕೆ ಬಡಿಯುತ್ತದೆ. ತೀರ ಗಟ್ಟಿಯಿದ್ದರೆ ಕುಸಿಯುವುದೇ ಇಲ್ಲ, ಹೊಡೆತವನ್ನು ನೇರವಾಗಿ ಮಿದುಳಿಗೆ ದಾಟಿಸುತ್ತದೆ. ಹೊರಕವಚಕ್ಕೆ ಬೇರೆ ಕೆಲಸವಿದೆ: ಚೂಪು ವಸ್ತು ಒಳನುಗ್ಗದಂತೆ ತಡೆಯುವುದು, ಒಂದೇ ಬಿಂದುವಿಗೆ ಬಿದ್ದ ಪೆಟ್ಟನ್ನು ಅಗಲಕ್ಕೆ ಹರಡುವುದು, ರಸ್ತೆಯ ಮೇಲೆ ತಲೆ ಸಿಕ್ಕಿಕೊಳ್ಳದೆ ಜಾರುವಂತೆ ಮಾಡುವುದು. ಕವಚ ಎಬಿಎಸ್ ಪ್ಲಾಸ್ಟಿಕ್ಕಿನದೋ, ಪಾಲಿಕಾರ್ಬೊನೇಟಿನದೋ, ಫೈಬರ್‌ಗ್ಲಾಸಿನದೋ, ಕಾರ್ಬನ್ ಫೈಬರಿನದೋ ಎಂಬುದರ ಮೇಲೆ ಬೆಲೆ ಏರುತ್ತ ಹೋಗುತ್ತದೆ. ಆದರೆ ಈ ನಾಲ್ಕರ ಕೆಳಗೂ ಇರುವುದು ಅದೇ ಥರ್ಮಾಕೋಲು. ಮಾರುಕಟ್ಟೆಯಲ್ಲಿ ನಾವು ದುಡ್ಡು ಕೊಡುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಕವಚಕ್ಕೆ; ಮಿದುಳಿಗೆ ಬೇಕಾದದ್ದು ಕಣ್ಣಿಗೆ ಕಾಣದ, ತಯಾರಿಸಲು ಅಷ್ಟೇನೂ ದುಬಾರಿಯಲ್ಲದ ಪದರ. ಸಾವಿರ ರೂಪಾಯಿಯ ಹೆಲ್ಮೆಟ್ ಒಳ್ಳೆಯ ಹೆಲ್ಮೆಟ್ ಆಗಲು ಸಾಧ್ಯವಾಗುವುದು ಇದರಿಂದಲೇ.

ಸವಾರನ ತಲೆಗೆ ರಕ್ಷಣೆ ಬೇಕು ಎಂಬ ವಿಚಾರ ವಿಜ್ಞಾನದ ವಿಷಯವಾಗಿ ತೊಂಬತ್ತು ವರ್ಷಗಳೂ ಆಗಿಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಸೇನಾಧಿಕಾರಿ ಟಿ. ಇ. ಲಾರೆನ್ಸ್ ತೀರಿಕೊಂಡಾಗ ಅವರ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ ಅವರು ಸೇನೆಯ ಬೈಕ್ ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಪುರಾವೆ ಮುಂದಿಟ್ಟರು. ಒಳಗಡೆ ಕುಸಿಯುವ ಪದರ ಇರಬೇಕು ಎಂಬ ವಿನ್ಯಾಸಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂಲತತ್ವ ಬದಲಾಗಿಲ್ಲ. ಜಗತ್ತಿನ ಹಲವು ಕಡೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಈ ಅಂಕಿಗಳು ದುಬಾರಿ ಹೆಲ್ಮೆಟ್ ಹಾಕಿದವರದಲ್ಲ. ಎಲ್ಲ ಬಗೆಯ ಹೆಲ್ಮೆಟ್ ಹಾಕಿದ ಸಾಮಾನ್ಯ ಜನರದು.

ಬೆಲೆಗೂ ರಕ್ಷಣೆಗೂ ನೇರ ಸಂಬಂಧವಿಲ್ಲ ಎಂಬುದನ್ನು ಹೊಡೆದು ತೋರಿಸಿದ ಪರೀಕ್ಷೆಗಳೂ ಇವೆ. 2005ರಲ್ಲಿ ಅಮೆರಿಕದ ಮೋಟರ್‌ಸೈಕ್ಲಿಸ್ಟ್ ಪತ್ರಿಕೆ ನಾನಾ ಬೆಲೆಯ ಹೆಲ್ಮೆಟ್‌ಗಳನ್ನು ಪ್ರಯೋಗಾಲಯದಲ್ಲಿ ಬೀಳಿಸಿ, ಒಳಗಿನ ತಲೆಗೆ ಎಷ್ಟು ಹೊಡೆತ ದಾಟುತ್ತದೆ ಎಂದು ಅಳೆಯಿತು. ಅತಿ ಕಡಿಮೆ ಹೊಡೆತ ದಾಟಿಸಿದ್ದು ನೂರು ಡಾಲರಿಗೂ ಕಡಿಮೆ ಬೆಲೆಯ, ಪ್ಲಾಸ್ಟಿಕ್ ಕವಚದ ಒಂದು ಹೆಲ್ಮೆಟ್. ಅದಕ್ಕಿಂತ ಹಲವು ಪಟ್ಟು ಬೆಲೆಯ, ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಮುದ್ರೆ ಕೊಡುವ ಅಮೆರಿಕದ ಖಾಸಗಿ ಸಂಸ್ಥೆ ಸ್ನೆಲ್ ಪ್ರತಿಷ್ಠಾನದ ಮುದ್ರೆ ಹೊತ್ತ ಹೆಲ್ಮೆಟ್‌ಗಳು ಹೆಚ್ಚು ಹೊಡೆತ ದಾಟಿಸಿದವು. ಕಾರಣ ಸರಳ. ಒಂದೇ ಜಾಗಕ್ಕೆ ಎರಡು ಸಲ ಜೋರಾಗಿ ಹೊಡೆದರೂ ತಡೆಯಬೇಕು ಎಂಬುದು ಸ್ನೆಲ್ ನಿಯಮ. ಅದಕ್ಕಾಗಿ ಒಳಪದರವನ್ನು ಗಟ್ಟಿ ಮಾಡಬೇಕಾಗುತ್ತಿತ್ತು, ಹಾಗೆ ಗಟ್ಟಿಯಾದ ಪದರ ರಸ್ತೆಯ ಮೇಲಿನ ಸಾಮಾನ್ಯ ಬೀಳುವಿಕೆಯಲ್ಲಿ ಸಾಕಷ್ಟು ಕುಸಿಯುತ್ತಿರಲಿಲ್ಲ. ದೊಡ್ಡ ವಾದವೇ ನಡೆಯಿತು. 2010ರ ಆವೃತ್ತಿಯಲ್ಲಿ ಸ್ನೆಲ್ ತನ್ನ ಮಿತಿಗಳನ್ನು ಬದಲಿಸಿತು. ಅಂದರೆ ಇಂದಿನ ಸ್ನೆಲ್ ಹೆಲ್ಮೆಟ್‌ಗಳ ಮೇಲೆ ಆ ಹಳೆಯ ದೂರನ್ನು ಹೊರಿಸಲಾಗದು. ಆದರೆ ಗಟ್ಟಿಯಾದದ್ದೆಲ್ಲ ಭದ್ರ, ದುಬಾರಿಯಾದದ್ದೆಲ್ಲ ಭದ್ರ ಎಂಬ ನಂಬಿಕೆಗೆ ಬಿದ್ದ ಪೆಟ್ಟು ಹಾಗೆಯೇ ಉಳಿದಿದೆ.

ಇದಕ್ಕಿಂತಲೂ ಹೆಚ್ಚು ನಂಬಬಹುದಾದ ಪುರಾವೆ ಬ್ರಿಟನ್ನಿನ ಸಾರಿಗೆ ಇಲಾಖೆಯದು. ಆ ಇಲಾಖೆ 2007ರಲ್ಲಿ ಶುರು ಮಾಡಿದ ಶಾರ್ಪ್ ಎಂಬ ಯೋಜನೆಯಲ್ಲಿ ಮಾರುಕಟ್ಟೆಯ ಹೆಲ್ಮೆಟ್‌ಗಳನ್ನು ಗಿರಾಕಿಯ ಹಾಗೆ ಅಂಗಡಿಯಿಂದಲೇ ಕೊಂಡು, ಪ್ರತಿ ಮಾದರಿಗೂ 32 ಹೊಡೆತದ ಪರೀಕ್ಷೆ ನಡೆಸಿ, ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಐದು ನಕ್ಷತ್ರ ಪಡೆದ ಅಗ್ಗದ ಹೆಲ್ಮೆಟ್‌ಗಳಿವೆ, ಎರಡು ಮೂರು ನಕ್ಷತ್ರಕ್ಕೆ ನಿಂತ ದುಬಾರಿ ಹೆಲ್ಮೆಟ್‌ಗಳೂ ಇವೆ. ಜತೆಗೆ ಇನ್ನೊಂದು ಮಾತನ್ನು ಶಾರ್ಪ್ ಹೇಳುತ್ತದೆ, ಅದನ್ನು ನಾವು ಅಷ್ಟೇ ಗಮನವಿಟ್ಟು ಕೇಳಬೇಕು: ಕಾನೂನಿನ ಕನಿಷ್ಠ ಮಾನದಂಡವನ್ನು ಪಾಸು ಮಾಡಿದ ಹೆಲ್ಮೆಟ್‌ಗಳ ನಡುವೆಯೇ ರಕ್ಷಣೆಯಲ್ಲಿ ಶೇ 70ರವರೆಗೆ ವ್ಯತ್ಯಾಸ ಇರಬಹುದು. ಪಾಸಾದವರೆಲ್ಲ ಸಮಾನರಲ್ಲ. ಯಾರು ಮುಂದಿದ್ದಾರೆ ಎಂಬುದು ಬೆಲೆ ನೋಡಿದರೆ ತಿಳಿಯುವುದಿಲ್ಲ, ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ.

ಹಾಗಾದರೆ ನಮ್ಮ ಐಎಸ್‌ಐ ಗುರುತು ಏನನ್ನು ಖಾತರಿ ಮಾಡುತ್ತದೆ? ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಭಾರತೀಯ ಮಾನಕ ಬ್ಯೂರೊದ ಮಾನದಂಡ ಐಎಸ್ 4151. ಇದರ ಪ್ರಕಾರ ಮಾದರಿ ಹೆಲ್ಮೆಟ್‌ಗಳನ್ನು ಬಿಸಿಯಲ್ಲಿ, ಚಳಿಯಲ್ಲಿ, ನೀರಿನಲ್ಲಿ ಇಟ್ಟು ತೆಗೆದು ಲೋಹದ ತಲೆಯಾಕೃತಿಗೆ ತೊಡಿಸಿ ಬೀಳಿಸುತ್ತಾರೆ. ಒಳಗೆ ದಾಟಿದ ಹೊಡೆತ ಮಿತಿಯೊಳಗಿರಬೇಕು. ಗದ್ದದ ಪಟ್ಟಿಯನ್ನು ಎಳೆದು ನೋಡುತ್ತಾರೆ, ಅದು ಹರಿಯಲೂಬಾರದು, ವಿಪರೀತ ಹಿಗ್ಗಲೂಬಾರದು. ಕವಚ ಎಷ್ಟು ಬಗ್ಗುತ್ತದೆ, ಅಕ್ಕಪಕ್ಕದ ನೋಟಕ್ಕೆ ಅಡ್ಡ ಬರುತ್ತದೆಯೇ, ಸದ್ದು ಕೇಳಿಸುತ್ತದೆಯೇ ಎಂಬ ಪರೀಕ್ಷೆಗಳೂ ಇವೆ. 2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶ 2021ರ ಜೂನ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಎರಡು ಲಕ್ಷ ರೂಪಾಯಿ ದಂಡ ವಿಧಿಸಲು ಮಾನಕ ಬ್ಯೂರೊ ಕಾಯ್ದೆಯಲ್ಲಿ ಅವಕಾಶವಿದೆ.

ಯುರೋಪಿನ ಇಸಿಇ ಮಾನದಂಡದ ಜತೆ ಹೋಲಿಸಿ ನಮ್ಮದನ್ನು ಕೀಳುಗಳೆಯುವವರು ಬಹಳ. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಪೂರ್ತಿ ಇಲ್ಲ. ಯುರೋಪಿನ ಹಿಂದಿನ ಆವೃತ್ತಿ 22.05ರಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 27 ಕಿಲೋಮೀಟರಿನಲ್ಲಿ ಬಡಿಸುತ್ತಿದ್ದರು. ಈಗಿನ 22.06ರಲ್ಲಿ ಅದು 8.2 ಮೀಟರಿಗೆ ಏರಿದೆ. ಹೊಡೆತದ ಶಕ್ತಿ ಸುಮಾರು ಶೇ 20ರಷ್ಟು ಹೆಚ್ಚು. ಕಡಿಮೆ ವೇಗದ ಹೊಡೆತವನ್ನೂ ಸೇರಿಸಿದ್ದಾರೆ, ತೀರ ಗಟ್ಟಿ ಪದರದ ಹೆಲ್ಮೆಟ್ ಅದರಲ್ಲಿ ಸಿಕ್ಕಿಬೀಳಲಿ ಎಂದು. ಮುಖ್ಯವಾದ ಹೊಸತು ಓರೆ ಹೊಡೆತದ ಪರೀಕ್ಷೆ. ರಸ್ತೆಯಲ್ಲಿ ಬೀಳುವವನ ತಲೆ ಲಂಬವಾಗಿ ಬಡಿಯುವುದು ಅಪರೂಪ. ಓರೆಯಾಗಿ ಬಡಿದು ಗಿರ್ರನೆ ತಿರುಗುತ್ತದೆ. ಆ ತಿರುಗುವಿಕೆಗೆ ಮಿದುಳಿನ ನರತಂತುಗಳು ಎಳೆದು ಹರಿಯುತ್ತವೆ. ತಲೆಬುರುಡೆಯಲ್ಲಿ ಒಂದು ಬಿರುಕೂ ಇಲ್ಲದೆ ರೋಗಿ ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗುವುದು ಇಂಥ ಗಾಯದಿಂದ. ಸ್ವೀಡನ್ನಿನ ಸಂಶೋಧಕರು 1990ರ ದಶಕದಿಂದ ಬೆಳೆಸಿದ ಮಿಪ್ಸ್ ಎಂಬ ಜಾರುಪದರ ಈ ತಿರುಗುವಿಕೆಯನ್ನು ತಗ್ಗಿಸುವುದಕ್ಕೆಂದೇ ಇರುವುದು. ದುಡ್ಡು ಇರುವವರು ಹೆಚ್ಚು ಕೊಟ್ಟು ನಿಜವಾದ ರಕ್ಷಣೆಯನ್ನು ಕೊಳ್ಳಬಹುದಾದ ಜಾಗ ಇದೊಂದೇ ಎಂದು ನನ್ನ ತೀರ್ಮಾನ: 22.06 ಮುದ್ರೆ, ಸಾಧ್ಯವಾದರೆ ಜಾರುಪದರ. ಅದಕ್ಕೆ ಐವತ್ತು ಸಾವಿರ ಬೇಕಿಲ್ಲ. ಐದರಿಂದ ಹತ್ತು ಸಾವಿರದೊಳಗೆ ಐಎಸ್‌ಐ ಮತ್ತು 22.06 ಎರಡೂ ಮುದ್ರೆಗಳಿರುವ ಹೆಲ್ಮೆಟ್‌ಗಳು ಸಿಗುತ್ತಿವೆ.

ಅದಕ್ಕಿಂತ ಮೇಲೆ ಕೊಡುವ ಹಣ ಎಲ್ಲಿಗೆ ಹೋಗುತ್ತದೆ? ತೂಕ ಕಡಿಮೆಯಾಗುತ್ತದೆ, ಗಾಳಿಯ ಸದ್ದು ಕಡಿಮೆಯಾಗುತ್ತದೆ, ಒಳಗಿನ ಬಟ್ಟೆ ಬೆವರು ಹೀರುತ್ತದೆ, ಗಾಳಿ ಆಡುವ ಕಿಂಡಿಗಳು ನಿಜಕ್ಕೂ ಕೆಲಸ ಮಾಡುತ್ತವೆ, ಗಾಜು ಬೇಗ ಗೀರು ಬೀಳುವುದಿಲ್ಲ. ಇವುಗಳನ್ನು ಬರೀ ಶೋಕಿ ಎನ್ನಲಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಥಣಿಯಿಂದ ಗೋಕಾಕಿಗೆ ಬೈಕಿನಲ್ಲಿ ಬರುವವನಿಗೆ ಗಾಳಿಯಾಡದ ಹೆಲ್ಮೆಟ್ ಒಂದು ಶಿಕ್ಷೆ. ಅದನ್ನು ತೆಗೆದು ಟ್ಯಾಂಕಿನ ಮೇಲೆ ಇಟ್ಟುಕೊಂಡರೆ ಅದು ಎಷ್ಟು ಒಳ್ಳೆಯದಾದರೂ ಉಪಯೋಗಕ್ಕಿಲ್ಲ. ಗಾಜಿನ ವಿಷಯ ಇನ್ನೂ ಗಂಭೀರ. ನವೆಂಬರಿನಿಂದ ಮಾರ್ಚಿನವರೆಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಗೋಕಾಕ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಎರಡೆರಡು ಟ್ರೇಲರ್, ಹಿಂದೆ ದೀಪವಿಲ್ಲ, ಪ್ರತಿಫಲಕ ಇದ್ದರೂ ಚಾಚಿಕೊಂಡ ಕಬ್ಬಿನ ಮರೆಯಲ್ಲಿ. ಎದುರಿನ ವಾಹನದ ಬೆಳಕು ಗೀರುಬಿದ್ದ ಗಾಜಿನ ಮೇಲೆ ಚದುರಿ ಕಣ್ಣು ಕಪ್ಪಾದಾಗ ಮುಂದೆ ನಿಂತ ಟ್ರೇಲರ್ ಕಾಣುವುದೇ ಇಲ್ಲ. ಅಲ್ಲಿ ನಡೆಯುವ ಡಿಕ್ಕಿಯನ್ನು ತಡೆಯಲು ಯಾವ ಬೆಲೆಯ ಹೆಲ್ಮೆಟ್ಟಿಗೂ ಆಗದು. ಮೇಲೆ ಹೇಳಿದ ಪರೀಕ್ಷೆಗಳ ವೇಗ ನೆನಪಿಸಿಕೊಳ್ಳಿ: 27, ಹೆಚ್ಚೆಂದರೆ 30 ಕಿಲೋಮೀಟರ್. ರಸ್ತೆಗೆ ಬಿದ್ದು ಜಾರಿಕೊಂಡು ಹೋಗುವವನ ತಲೆ ನೆಲಕ್ಕೆ ಬಡಿಯುವ ವೇಗ ಬೈಕಿನ ವೇಗವಲ್ಲ, ಬೀಳುವ ಎತ್ತರದ ವೇಗ. ಹಾಗಾಗಿ ಎಪ್ಪತ್ತರಲ್ಲಿ ಬಿದ್ದವನೂ ಬದುಕುತ್ತಾನೆ. ನಿಂತ ಟ್ರೇಲರಿನ ಕಬ್ಬಿಣದ ಅಂಚಿಗೆ ನೇರವಾಗಿ ಅರವತ್ತರಲ್ಲಿ ಬಡಿದರೆ ಆ ಲೆಕ್ಕ ನಡೆಯುವುದಿಲ್ಲ. ಆದ್ದರಿಂದ ಗೀರುಬಿದ್ದ ಗಾಜನ್ನು ಬದಲಿಸಲು ಮುನ್ನೂರು, ನಾನೂರು ರೂಪಾಯಿ ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ಕಾರ್ಬನ್ ಫೈಬರಿಗೆ ಮೂವತ್ತು ಸಾವಿರ ಕೊಡುವುದಕ್ಕಿಂತ ದೊಡ್ಡ ಸುರಕ್ಷತೆ. ಕಪ್ಪು ಬಣ್ಣದ ಗಾಜನ್ನು ರಾತ್ರಿ ಹಾಕಿಕೊಂಡು ಓಡಿಸುವವರನ್ನು ಕಂಡಾಗ ಭಯವಾಗುತ್ತದೆ.

ಈಗ ಮೊದಲ ದರಕ್ಕೆ ಬರೋಣ, ಏಕೆಂದರೆ ಜಿಲ್ಲೆಯ ತಲೆಗಳು ಹೆಚ್ಚಾಗಿ ಒಡೆಯುವುದು ಅಲ್ಲಿಯೇ. ಇನ್ನೂರು ರೂಪಾಯಿಯ ಹೆಲ್ಮೆಟ್ಟನ್ನು ಒಮ್ಮೆ ಒಳಗೆ ಕೈಹಾಕಿ ನೋಡಿ. ಬಟ್ಟೆಯ ಹಿಂದೆ ಕುಸಿಯುವ ಪದರವಿರುವ ಜಾಗದಲ್ಲಿ ತೆಳು ಸ್ಪಂಜು, ಇಲ್ಲವೇ ಬೆರಳಿನಿಂದ ಒತ್ತಿದರೆ ಪುಡಿಯಾಗುವ ಥರ್ಮಾಕೋಲು. ಎಷ್ಟೋ ಸಲ ಏನೂ ಇಲ್ಲ. ಅಂದರೆ ತಲೆಗೆ ನಿಲ್ಲಲು ಜಾಗವಿಲ್ಲ. 640 ಪಟ್ಟಿನ ಹೊಡೆತ ಹೆಚ್ಚು ಕಡಿಮೆ ಹಾಗೆಯೇ ದಾಟುತ್ತದೆ. ಪಟ್ಟಿ ತೆಳು ದಾರದ್ದು, ಬಕಲ್ಲು ಕೈಯಿಂದ ಎಳೆದರೆ ಬಿಚ್ಚುವಂಥದ್ದು. ಮರುಬಳಕೆಯ ಪ್ಲಾಸ್ಟಿಕ್ಕಿನ ಕವಚ ಒಡೆದು ಚೂಪು ಚೂರುಗಳಾದರೆ ಅವೇ ಮುಖಕ್ಕೆ ಚುಚ್ಚುತ್ತವೆ. ಇದನ್ನು ಅಗ್ಗದ ಹೆಲ್ಮೆಟ್ ಎಂದು ಕರೆಯುವುದೇ ತಪ್ಪು. ಇದು ಹೆಲ್ಮೆಟ್ಟೇ ಅಲ್ಲ, ಪೊಲೀಸರಿಗೆ ತೋರಿಸಲು ತಲೆಯ ಮೇಲಿಟ್ಟುಕೊಂಡ ಒಂದು ವಸ್ತು. ಕೊಂಡವನು ಬಡವನೆಂಬುದು ನನಗೆ ಗೊತ್ತು, ಅವನ ಮೇಲೆ ಸಿಟ್ಟಿಲ್ಲ. ತಲೆ ಉಳಿಯುತ್ತದೆ ಎಂಬ ನಂಬಿಕೆಯಲ್ಲಿ ಅವನು ದುಡ್ಡು ಕೊಟ್ಟಿರುತ್ತಾನೆ. ಆ ನಂಬಿಕೆಯನ್ನು ಮಾರಿದವರ ಮೇಲೆ, ಮಾರಲು ಬಿಟ್ಟವರ ಮೇಲೆ ಸಿಟ್ಟಿದೆ.

ಇನ್ನೂ ನೋವಿನ ಸಂಗತಿಯೆಂದರೆ ಇದು ನಡೆಯುತ್ತಿರುವುದು ಹೆಲ್ಮೆಟ್ ತಯಾರಿಸುವ ಊರಿನಲ್ಲಿ. ದೇಶದ ಹೆಸರಾಂತ ತಯಾರಕರಲ್ಲಿ ಒಂದಾದ ವೇಗಾ ಬೆಳಗಾವಿಯದೇ ಕಂಪನಿ. ಆಕ್ಸರ್ ಎಂಬ ಹೆಸರಿನ ಮೇಲ್ದರ್ಜೆಯ ಹೆಲ್ಮೆಟ್‌ಗಳೂ ಅವರದೇ. ಮಾನದಂಡಕ್ಕೆ ತಕ್ಕ ಹೆಲ್ಮೆಟ್ ಹೇಗಿರಬೇಕು ಎಂದು ಬಲ್ಲ ಕೆಲಸಗಾರರು, ಅಚ್ಚು ಮಾಡುವವರು, ಗುಣಮಟ್ಟ ನೋಡುವವರು ಈ ಊರಿನ ಓಣಿಗಳಲ್ಲೇ ವಾಸವಾಗಿದ್ದಾರೆ.

ಗುರುತು ಇದ್ದರೆ ಸಾಕೇ ಎಂದರೆ ಸಾಲದು, ಏಕೆಂದರೆ ಗುರುತೇ ನಕಲಿಯಾಗಿರಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜುಲೈನಲ್ಲಿ ಕೊಟ್ಟ ಮಾಹಿತಿಯ ಪ್ರಕಾರ ಆ ಜೂನ್ ಹೊತ್ತಿಗೆ ದೇಶದಲ್ಲಿ ಹೆಲ್ಮೆಟ್ ತಯಾರಿಸಲು ಚಾಲ್ತಿಯ ಪರವಾನಗಿ ಇದ್ದದ್ದು 176 ತಯಾರಕರಿಗೆ. ಹಿಂದಿನ ಆರ್ಥಿಕ ವರ್ಷದಲ್ಲಿ ಮಾನಕ ಬ್ಯೂರೊ 500ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ, 30ಕ್ಕೂ ಹೆಚ್ಚು ಕಡೆ ಶೋಧ ನಡೆಸಿತ್ತು. ದೆಹಲಿಯಲ್ಲಿ ಅವಧಿ ಮುಗಿದ ಅಥವಾ ರದ್ದಾದ ಪರವಾನಗಿಯ ಒಂಬತ್ತು ತಯಾರಕರಿಂದ 2,500ಕ್ಕೂ ಹೆಚ್ಚು ಹೆಲ್ಮೆಟ್‌ಗಳನ್ನು ವಶಪಡಿಸಿಕೊಂಡರು. ದೇಶದಲ್ಲಿರುವ ದ್ವಿಚಕ್ರ ವಾಹನಗಳು 21 ಕೋಟಿಗೂ ಹೆಚ್ಚು ಎಂದು ಅದೇ ಇಲಾಖೆ ಹೇಳುತ್ತದೆ. 21 ಕೋಟಿಯ ಮುಂದೆ ಎರಡೂವರೆ ಸಾವಿರ ಎಷ್ಟರ ಮಾತು?

ನಕಲಿಯನ್ನು ಹಿಡಿಯುವ ಕೆಲಸದಲ್ಲಿ ಗಿರಾಕಿ ತಾನೇ ಸ್ವಲ್ಪ ಮಾಡಬಹುದು. ನಿಜವಾದ ಐಎಸ್‌ಐ ಗುರುತಿನ ಮೇಲುಗಡೆ ‘ಐಎಸ್ 4151’ ಎಂದು, ಕೆಳಗಡೆ ‘ಸಿಎಂ/ಎಲ್’ ಎಂಬ ಅಕ್ಷರಗಳ ಮುಂದೆ ಪರವಾನಗಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಮಾನಕ ಬ್ಯೂರೊದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಎರಡೂ ಬರುತ್ತವೆ. ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರಿಗೂ ಆ್ಯಪ್ ತೋರಿಸುವ ಹೆಸರಿಗೂ ತಾಳೆಯಾಗದಿದ್ದರೆ ಅಲ್ಲಿಯೇ ವಾಪಸು ಕೊಡಿ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ, ಒಂದು ನಿಮಿಷದ ಕೆಲಸ. ರಶೀದಿ ಕೇಳಿ ಪಡೆಯಿರಿ. ರಶೀದಿ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ತಲೆಗೆ ಹಾಕುವ ವಸ್ತುವನ್ನು ಕೊಳ್ಳಬೇಡಿ.

ಅರ್ಧ ಹೆಲ್ಮೆಟ್ಟಿನ ವಿಚಾರವನ್ನು ಇಲ್ಲಿಯೇ ಹೇಳಬೇಕು. ಕಿವಿಯ ಮೇಲಕ್ಕೇ ನಿಂತುಬಿಡುವ ಟೋಪಿಯಂಥ ಹೆಲ್ಮೆಟ್ ನಮ್ಮ ಪೇಟೆಯಲ್ಲಿ ಬಹಳ ಓಡುತ್ತದೆ; ಸೆಕೆಯಾಗುವುದಿಲ್ಲ, ಮಾತು ಕೇಳಿಸುತ್ತದೆ, ಎಲೆ ಅಡಿಕೆ ಉಗುಳಲು ಅಡ್ಡಿಯಿಲ್ಲ. ಜರ್ಮನಿಯಲ್ಲಿ ಅಪಘಾತಕ್ಕೀಡಾದ ಹೆಲ್ಮೆಟ್‌ಗಳ ಮೇಲೆ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಗುರುತಿಸಿದ ಡೀಟ್ಮಾರ್ ಒಟ್ಟೆ ಎಂಬ ಸಂಶೋಧಕರ ನಕ್ಷೆಯಲ್ಲಿ ಮೂರನೆಯ ಒಂದು ಭಾಗಕ್ಕೂ ತುಸು ಹೆಚ್ಚು ಪೆಟ್ಟುಗಳು ಗದ್ದದ ಭಾಗದಲ್ಲಿದ್ದವು. ಅರ್ಧ ಹೆಲ್ಮೆಟ್ಟಿನಲ್ಲಿ ಆ ಜಾಗ ಪೂರ್ತಿ ತೆರೆದಿರುತ್ತದೆ. ದವಡೆ ಮುರಿಯುವುದಷ್ಟೇ ಅಲ್ಲ. ಗದ್ದಕ್ಕೆ ಬಿದ್ದ ಜೋರು ಪೆಟ್ಟು ದವಡೆಯ ಮೂಲಕ ತಲೆಬುರುಡೆಯ ತಳಕ್ಕೆ ಏರುತ್ತದೆ. ಹದಿನೈದು ಸಾವಿರದ, ಚರ್ಮದ ಅಂಚಿನ, ಹಳೆಯ ಕಾಲದ ಚಂದದ ಅರ್ಧ ಹೆಲ್ಮೆಟ್ಟಿಗಿಂತ ಸಾವಿರದ ಇನ್ನೂರು ರೂಪಾಯಿಯ ಪೂರ್ಣ ಮುಖದ ಐಎಸ್‌ಐ ಹೆಲ್ಮೆಟ್ ಮೇಲು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಬೆಲೆಗಿಂತ ಆಕಾರ ಮುಖ್ಯವಾಗುವ ಜಾಗವಿದು.

ಆಕಾರದಷ್ಟೇ ಮುಖ್ಯ ಅಳತೆ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ತಲೆಯ ಸುತ್ತ ಟೇಪು ಹಿಡಿದರೆ ಸೆಂಟಿಮೀಟರಿನಲ್ಲಿ ಬರುವ ಅಂಕಿಯೇ ಹೆಲ್ಮೆಟ್ಟಿನ ಅಳತೆ. 58 ಬಂದರೆ 58ರದು. ಹಾಕಿಕೊಂಡಾಗ ಕೆನ್ನೆ ಒತ್ತಬೇಕು. ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರೆ ಹಣೆಯ ಚರ್ಮವೂ ಅದರೊಂದಿಗೆ ತಿರುಗಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ಎತ್ತಿದರೆ ಕಳಚಿ ಮುಂದಕ್ಕೆ ಬರಬಾರದು. ಹೊಸದಾಗಿದ್ದಾಗ ಹಾಯಾಗಿ ಕೂರುವ ಹೆಲ್ಮೆಟ್ ಆರು ತಿಂಗಳಲ್ಲಿ ಸಡಿಲವಾಗುತ್ತದೆ. ನಮ್ಮಲ್ಲಿ ಒಂದು ಮನೆಗೆ ಒಂದೇ ಹೆಲ್ಮೆಟ್ ಇರುವುದು ರೂಢಿ: ಅಪ್ಪ ಹಾಕಿಕೊಂಡು ಹೊಲಕ್ಕೆ, ಮಗ ಹಾಕಿಕೊಂಡು ಕಾಲೇಜಿಗೆ. ಇಬ್ಬರಲ್ಲಿ ಒಬ್ಬರಿಗಂತೂ ಅದು ಹೊಂದುವುದಿಲ್ಲ. ಹಳ್ಳಿಯ ಹಿರಿಯರು ರುಮಾಲಿನ ಮೇಲೆ, ಗಾಂಧಿ ಟೋಪಿಯ ಮೇಲೆ ಹೆಲ್ಮೆಟ್ ಏರಿಸಿಕೊಂಡು ಬಜಾರಕ್ಕೆ ಬರುತ್ತಾರೆ. ಟೋಪಿ ತೆಗೆಯುವುದು ಅವರಿಗೆ ಮರ್ಯಾದೆಯ ಪ್ರಶ್ನೆ ಎಂಬುದು ಅರ್ಥವಾಗುತ್ತದೆ. ಆದರೂ ಮನೆಯವರು ತಾಳ್ಮೆಯಿಂದ ಹೇಳಲೇಬೇಕು: ಅಪ್ಪಾ, ಊರು ಮುಟ್ಟುವವರೆಗೆ ಟೋಪಿ ಕಿಸೆಯಲ್ಲಿರಲಿ.

ಪಟ್ಟಿ ಬಿಗಿಯದ ಹೆಲ್ಮೆಟ್ ಮೊದಲ ಬಡಿತಕ್ಕೂ ಮುಂಚೆಯೇ ಹಾರಿಹೋಗುತ್ತದೆ. ಆಗ ಅದರ ಬೆಲೆ ಎಷ್ಟಿದ್ದರೇನು? ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಕೂಡ ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿಕೊಂಡದ್ದನ್ನು ಮಾತ್ರ ಹೆಲ್ಮೆಟ್ ಧರಿಸಿದ್ದಾಗಿ ಒಪ್ಪುತ್ತದೆ. ಉಲ್ಲಂಘಿಸಿದರೆ ಕೇಂದ್ರ ಕಾನೂನಿನಲ್ಲಿ ಸಾವಿರ ರೂಪಾಯಿ ದಂಡ, ಮೂರು ತಿಂಗಳು ಚಾಲನಾ ಪರವಾನಗಿ ಅಮಾನತು. ದಂಡವನ್ನು ಕರ್ನಾಟಕ 2019ರಲ್ಲಿ ಐನೂರಕ್ಕೆ ಇಳಿಸಿತು. ಚನ್ನಮ್ಮ ವೃತ್ತದಲ್ಲಿ ಪೊಲೀಸರನ್ನು ಕಂಡೊಡನೆ ಕನ್ನಡಿಯಿಂದ ತೆಗೆದು ತಲೆಗೆ ಸಿಕ್ಕಿಸಿಕೊಂಡು, ಮುಂದಿನ ತಿರುವಿನಲ್ಲಿ ಮತ್ತೆ ಕನ್ನಡಿಗೆ ನೇತುಹಾಕುವವರನ್ನು ದಿನವೂ ನೋಡುತ್ತೇವೆ. ತಲೆಯ ಮೇಲೆ ಏನೋ ಒಂದು ಇದೆಯೇ ಎಂದಷ್ಟೇ ನೋಡುವ ತಪಾಸಣೆ ಇರುವವರೆಗೆ ಇನ್ನೂರು ರೂಪಾಯಿಯ ವಸ್ತುವಿಗೆ ಗಿರಾಕಿ ಇದ್ದೇ ಇರುತ್ತಾನೆ. ತಪಾಸಣೆ ಬಕಲ್ಲನ್ನೂ ಗುರುತನ್ನೂ ನೋಡಬೇಕು. ಅದಕ್ಕೂ ಮೊದಲು ಸವಾರನ ಹತ್ತಿರವಲ್ಲ, ತಾಡಪತ್ರಿಯ ಹತ್ತಿರ ಹೋಗಬೇಕು.

ಥರ್ಮಾಕೋಲಿನ ಪದರ ಒಂದು ಸಲ ಮಾತ್ರ ಕುಸಿಯುತ್ತದೆ, ಮತ್ತೆ ಉಬ್ಬುವುದಿಲ್ಲ. ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿಯೇ ಕಂಡರೂ ಆ ಜಾಗದಲ್ಲಿ ಒಳಗೆ ಜಾಗ ಮುಗಿದಿರುತ್ತದೆ. ಹಾಗಾಗಿ ಹಳೆಯ ಹೆಲ್ಮೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ, ಅದು ಎಂಥ ದೊಡ್ಡ ಕಂಪನಿಯದಾದರೂ. ಐದು ವರ್ಷಕ್ಕೊಮ್ಮೆ ಬದಲಿಸಿ ಎಂದು ಸ್ನೆಲ್ ಪ್ರತಿಷ್ಠಾನ ಹೇಳುತ್ತದೆ. ಬೆವರು, ತಲೆಗೆಣ್ಣೆ, ಬಿಸಿಲು ಮೂರೂ ಸೇರಿ ಒಳಪದರವನ್ನೂ ಅಂಟನ್ನೂ ಹಾಳು ಮಾಡುತ್ತವೆ. ಪಾಲಿಕಾರ್ಬೊನೇಟ್ ಕವಚಕ್ಕೆ ಪೆಟ್ರೋಲು, ತಿನ್ನರ್, ಬಣ್ಣ ತಾಗಿಸಬಾರದು. ಐವತ್ತು ಸಾವಿರದ ಹೆಲ್ಮೆಟ್ ಕೊಂಡವನಿಗೆ ಅದನ್ನು ಎಸೆಯಲು ಮನಸ್ಸಾಗುವುದಿಲ್ಲ, ಹತ್ತು ವರ್ಷ ಹಾಕುತ್ತಾನೆ. ಸಾವಿರದ ಐನೂರು ಕೊಟ್ಟವನು ಬಿದ್ದ ಮರುದಿನವೇ ಹೊಸದು ತರಬಲ್ಲ. ಈ ಲೆಕ್ಕದಲ್ಲಿ ಅಗ್ಗದ ಹೆಲ್ಮೆಟ್ಟಿಗೆ ಒಂದು ನಿಜವಾದ ಅನುಕೂಲವಿದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಗಿರಾಕಿಗೆ ಒಂದು ಕೈಕಟ್ಟು ಉಳಿಯುತ್ತದೆ. ಐಎಸ್‌ಐ ಗುರುತಿರುವ ಎರಡು ಹೆಲ್ಮೆಟ್‌ಗಳಲ್ಲಿ, ಎರಡೂ ಸಾವಿರದ ಇನ್ನೂರರದ್ದೇ ಆದರೂ, ಯಾವುದು ಮೇಲು ಎಂದು ಅವನು ತಿಳಿಯಲಾರ. ಗುರುತು ಹೇಳುವುದು ಪಾಸೋ ಫೇಲೋ ಎಂಬುದನ್ನಷ್ಟೇ, ಅಂಕ ಹೇಳುವುದಿಲ್ಲ. ಕಾರು ಕೊಳ್ಳುವವರಿಗೆ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಇದೆ. ಕಾರನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುತ್ತಾರೆ, ಆ ನಕ್ಷತ್ರ ನೋಡಿ ಜನ ಕಾರು ಆರಿಸುತ್ತಾರೆ, ಕಂಪನಿಗಳೂ ಪೈಪೋಟಿಗೆ ಬಿದ್ದು ಕಾರನ್ನು ಗಟ್ಟಿ ಮಾಡುತ್ತಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹತ್ತು ಲಕ್ಷದ ಕಾರಿಗೆ ನಕ್ಷತ್ರವಿದೆ, ಸಾವಿರದ ಹೆಲ್ಮೆಟ್ಟಿಗಿಲ್ಲ. ಒಂದು ಕಾರನ್ನು ಗುದ್ದಿಸಿ ನೋಡುವ ಖರ್ಚಿನಲ್ಲಿ ಎಷ್ಟೋ ಮಾದರಿಯ ಹೆಲ್ಮೆಟ್‌ಗಳನ್ನು ಬೀಳಿಸಿ ನೋಡಬಹುದು. ಪರವಾನಗಿ ಕೊಡುವಾಗ, ಅಂಗಡಿಯಿಂದ ಮಾದರಿ ತಂದು ಪರೀಕ್ಷಿಸುವಾಗ ಮಾನಕ ಬ್ಯೂರೊಗೆ ಹೊಡೆತದ ಅಂಕಿ ಸಿಕ್ಕೇ ಸಿಗುತ್ತದೆ. ಅದನ್ನು ಮಾದರಿಯ ಹೆಸರಿನೊಂದಿಗೆ ಬಿಐಎಸ್ ಕೇರ್ ಆ್ಯಪ್‌ನಲ್ಲಿಯೇ ಹಾಕಲಿ. ಹಾಗೆ ಮಾಡಿದ ದಿನ ಸಾವಿರ ರೂಪಾಯಿಯ ಒಳ್ಳೆಯ ಹೆಲ್ಮೆಟ್ ಮಾಡುವ ಕಂಪನಿಗೆ ಅದರ ಫಲ ಸಿಗುತ್ತದೆ, ಬಣ್ಣ ಬಳಿದು ಐದು ಸಾವಿರ ಕೇಳುವವರ ಬಂಡವಾಳವೂ ಬಯಲಾಗುತ್ತದೆ.

ಕೊನೆಯದಾಗಿ ಹಿಂದೆ ಕುಳಿತವರು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಜನರಲ್ಲಿ 14,337 ಮಂದಿ ಹಿಂಬದಿ ಸವಾರರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇವತ್ತಿಗೂ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬೈಕಿನಲ್ಲಿ ಹೋಗುವ ದಂಪತಿಗಳಲ್ಲಿ ಹೆಂಡತಿಯ ತಲೆಯ ಮೇಲೆ ಸೆರಗು ಮಾತ್ರ ಇರುತ್ತದೆ. ಒಂದು ಬದಿಗೆ ಕಾಲು ಹಾಕಿ, ಮಡಿಲಲ್ಲಿ ಕೂಸು ಹಿಡಿದು, ಹಿಡಿದುಕೊಳ್ಳಲು ಏನೂ ಇಲ್ಲದೆ ಕುಳಿತವಳು ರಸ್ತೆಯ ಉಬ್ಬಿಗೆ ಹಾರಿ ಹಿಂದಕ್ಕೆ ಬೀಳುತ್ತಾಳೆ. ಬಡಿಯುವುದು ತಲೆಯ ಹಿಂಭಾಗ. ಹೊಸ ಬೈಕಿನ ಜತೆ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಕೊಡುವುದನ್ನು ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಜೂನಿನಲ್ಲಿ ಹೊರಡಿಸಿತು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂಬ ನಿಯಮವನ್ನು 2022ರಲ್ಲೇ ಮಾಡಲಾಗಿದೆ. ಅಂಗಡಿಗೆ ಹೋದವನ ಕಿಸೆಯಲ್ಲಿ ಮೂರು ಸಾವಿರವಿದ್ದರೆ ಮೂರು ಸಾವಿರದ ಒಂದು ಹೆಲ್ಮೆಟ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಸಾವಿರದ ಐನೂರರಂತೆ ಎರಡು ಕೊಳ್ಳಿ, ಒಂದನ್ನು ಹೆಂಡತಿಯ ತಲೆಯ ಅಳತೆ ತೆಗೆದುಕೊಂಡು, ಅವಳ ತುರುಬಿಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿಸಿ ನೋಡಿ. ಮಗುವಿನ ಅಳತೆಯದು ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಲು ಹೇಳಿ. ಕೇಳುವವರು ಹೆಚ್ಚಾದರೆ ಅಂಗಡಿಯವರು ತರಿಸಿ ಇಟ್ಟುಕೊಳ್ಳುತ್ತಾರೆ.